ಬಿದ್ದವನ ಪಾತ್ರ

ಚರ್ಚಿನ ಸಭೆಯವರೆಲ್ಲ ಅವಳನ್ನು ಡೈರೆಕ್ಟರಮ್ಮ ಎಂದು ಕರೆಯುತ್ತಿದ್ದರು. ಮೊದಮೊದಲು ತಮಾಷೆಗೆ ಅಂಟಿಸಿದ ಹೆಸರು. ವರ್ಷಗಳು ಕಳೆದಂತೆ ತಮಾಷೆ ಉದುರಿಹೋಗಿ ಹೆಸರು ಮಾತ್ರ ಉಳಿದುಕೊಂಡಿತ್ತು.

ವಾರದ ದಿನಗಳಲ್ಲಿ ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯಲ್ಲಿರುವ ಇನ್ನೊಂದು ಬ್ರೇಕಿನ ಮೇಲೆ ಪಾದ ಊರಿಕೊಂಡು, "ಕ್ಲಚ್ಚು ನಿಧಾನ... ನಿಧಾನ... ಅಯ್ಯೋ, ನಿಧಾನ ಅಂದ್ರೆ ನಿಲ್ಲಿಸೋದಲ್ಲ" ಎನ್ನುತ್ತ ಬೆಳಗಿನಿಂದ ಸಂಜೆತನಕ ಊರಿನ ಬೀದಿಗಳನ್ನು ಸುತ್ತುವುದು ಅವಳ ಕೆಲಸ. ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುತ್ತಾರೆ. ಚೆನ್ನಾಗಿ ಕಲಿತವರು ಲೈಸೆನ್ಸ್ ಸಿಕ್ಕ ಮೇಲೆ ಮತ್ತೆ ಮುಖ ತೋರಿಸುವುದಿಲ್ಲ. ಎಷ್ಟು ಹೇಳಿದರೂ ತಲೆಗೆ ಹತ್ತದವರು ಮಾತ್ರ ತಿಂಗಳುಗಟ್ಟಲೆ ಜೊತೆಗಿರುತ್ತಾರೆ. ಹಾಗಾಗಿ ದಡ್ಡ ಶಿಷ್ಯರ ಮೇಲೆ ಅವಳಿಗೆ ಒಳಗೊಳಗೇ ಒಂದು ಪ್ರೀತಿ.

ಶನಿವಾರ ಮಧ್ಯಾಹ್ನ ಅವಳು ಬೇರೆಯೇ ಹೆಂಗಸಾಗಿಬಿಡುತ್ತಿದ್ದಳು. ಚರ್ಚಿನ ಹಿಂಭಾಗದ ಹಾಲಿನ ಬಾಗಿಲು ತೆಗೆದು, ಮಡಚುವ ಕುರ್ಚಿಗಳನ್ನು ಗೋಡೆಗೆ ಒರಗಿಸಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ವೇದಿಕೆಯ ಅಳತೆ ಗೀಚಿ, ನಟರಿಗಾಗಿ ಕಾಯುತ್ತಿದ್ದಳು. ಕಾಯುವುದೇ ಈ ಕೆಲಸದ ಮುಕ್ಕಾಲು ಪಾಲು. ಸಂಬಳಕ್ಕೆ ಬಂದವರಾದರೆ ತಡವಾಗಿದ್ದಕ್ಕೆ ಎರಡು ಮಾತು ಬಯ್ಯಬಹುದು. ಇವರೆಲ್ಲ ತಮ್ಮ ಮನೆ, ಮಕ್ಕಳು, ರಜೆ ಬಿಟ್ಟು ದೇವರ ಕೆಲಸ ಎಂದು ಬರುವವರು. ಬೈದರೆ ಮುಂದಿನ ವಾರ ದೇವರೇ ಕರೆದರೂ ಬರುವುದಿಲ್ಲ. ಆದ್ದರಿಂದ ಯಾರು ಯಾವಾಗ ಬಂದರೂ ಅವಳು "ಬಂದ್ರಾ? ಸದ್ಯ" ಎನ್ನುತ್ತಿದ್ದಳು. ಅಭ್ಯಾಸ ಮುಗಿದದ್ದೇ ತಡ, ಅವರನ್ನು ಕರೆದೊಯ್ಯಲು ಗಂಡಂದಿರು, ಹೆಂಡತಿಯರು, ಮಕ್ಕಳು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಎಲ್ಲರೂ ಹೊರಟ ಮೇಲೆ ಅವಳು ಒದ್ದೆಬಟ್ಟೆ ಹಿಡಿದು ಸೀಮೆಸುಣ್ಣದ ಗೆರೆಗಳನ್ನು ಒರೆಸುತ್ತಿದ್ದಳು. ಮೂಲೆಯಿಂದ ಶುರುಮಾಡಿ, ಬೇಕೆಂದೇ ನಿಧಾನವಾಗಿ.

ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲ. ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅದು. ಹೋದ ವರ್ಷದವರೆಗೆ ಅಲ್ಲಿ ಅಮ್ಮ ಇದ್ದಳು. ಕೊನೆಕೊನೆಗೆ ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಮೈ ಒರೆಸುವುದು, ತಲೆ ಬಾಚುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು ಎಲ್ಲ ಅವಳೇ. ಬೇಜಾರಾಗಿ "ಯಾವಾಗ ಮುಗಿಯುತ್ತೋ" ಎಂದುಕೊಂಡದ್ದೂ ಉಂಟು. ಮುಗಿಯಿತು. ಸೇತುವೆಯಾಚೆ ತಂಗಿಯ ಮನೆಯಿದೆ. ಗಂಡ, ಅತ್ತೆ, ಮೂರು ಮಕ್ಕಳು, ತುಂಬಿದ ಸಂಸಾರ. "ಬಾ ಅಕ್ಕ" ಎಂದು ಅವಳು ಫೋನಿನಲ್ಲಿ ಹೇಳುತ್ತಾಳೆ. "ಬರ್ತೀನಿ" ಎಂದು ಇವಳು ಹೇಳುತ್ತಾಳೆ. ಇಬ್ಬರಿಗೂ ಗೊತ್ತು, ಅದು ಫೋನು ಇಡುವ ಮುಂಚಿನ ಮಾತು.

ಆ ವರ್ಷ ಸಭೆಯ ವಾರ್ಷಿಕೋತ್ಸವಕ್ಕೆ ಒಂದು ಕಿರುನಾಟಕ ಬೇಕೆಂದು ಪಾಸ್ಟರ್ ಕೇಳಿದಾಗ, ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನ ಕಥೆಯನ್ನು ಅವಳು ಆರಿಸಿದಳು. ಎಲ್ಲರಿಗೂ ಗೊತ್ತಿರುವ ಕಥೆಯೇ. ದೊಡ್ಡ ಮನುಷ್ಯರು ನೋಡಿಯೂ ನೋಡದಂತೆ ದಾಟಿ ಹೋಗುತ್ತಾರೆ. ಯಾರೂ ಎಣಿಸದ ಪರದೇಶದವನೊಬ್ಬ ನಿಂತು, ಗಾಯ ತೊಳೆದು, ಪಟ್ಟಿ ಕಟ್ಟಿ, ಚತ್ರಕ್ಕೆ ಹೊತ್ತೊಯ್ಯುತ್ತಾನೆ.

ಪಾತ್ರ ಹಂಚುವ ದಿನ ಜಗಳವಿಲ್ಲದೆ ಕಳೆಯಿತು. ದಾಟಿ ಹೋಗುವ ಯಾಜಕನ ಪಾತ್ರ ಗಡಿಯಾರದಂಗಡಿಯ ಯಜಮಾನರಿಗೆ. ಅವರಿಗೆ ಉದ್ದುದ್ದ ಮಾತೆಂದರೆ ಪ್ರಾಣ, ಹಾಗಾಗಿ ಅವಳು ಒಂದು ಪುಟದ ಭಾಷಣವನ್ನೇ ಬರೆದುಕೊಟ್ಟಿದ್ದಳು. ಪರದೇಶದವನ ಪಾತ್ರಕ್ಕೆ ಬಸ್ ಕಂಡಕ್ಟರ್. ಚತ್ರ ನೋಡಿಕೊಳ್ಳುವವಳಾಗಿ ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸು. ಎಲ್ಲರೂ ಅವಳನ್ನು ಪಾರ್ಲರಕ್ಕ ಎನ್ನುತ್ತಿದ್ದರು. ಕಳ್ಳರಿಗೆ ಗಾಯನವೃಂದದ ಇಬ್ಬರು ಅಣ್ಣತಮ್ಮಂದಿರು. ಬಿದ್ದವನ ಪಾತ್ರಕ್ಕೆ ಮಾತ್ರ ಯಾರೂ ಕೈಯೆತ್ತಲಿಲ್ಲ. ಒಂದೂ ಮಾತಿಲ್ಲ. ಶುರುವಿನಲ್ಲೇ ಏಟು ತಿಂದು ಬಿದ್ದರೆ ಪರದೆ ಮುಚ್ಚುವತನಕ ಬಿದ್ದೇ ಇರಬೇಕು. ಮನೆಯವರ ಮುಂದೆ ಅಂಥ ಪಾತ್ರ ಮಾಡುವುದು ಯಾರಿಗೆ ಇಷ್ಟ?

ಆಗ ಹಾಲಿನ ಪಕ್ಕದ ಅಡುಗೆಕೋಣೆಯಲ್ಲಿ ಏನೋ ಟಣ್ ಎಂದು ಬಿದ್ದ ಸದ್ದಾಯಿತು. ಚರ್ಚಿನ ಹಳೆಯ ಫ್ರಿಜ್ಜು ಕೆಟ್ಟು ನಿಂತಿತ್ತು. ಅದನ್ನು ರಿಪೇರಿ ಮಾಡಲು ಒಬ್ಬ ಬಂದಿದ್ದ. ಅವನೂ ಆ ಸಭೆಯವನೇ. ಆದರೆ ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಾದದ ಮಾತು ಮುಗಿಯುವ ಮುಂಚೆ ಎದ್ದು ಹೋಗುವವನಾದ್ದರಿಂದ ಅವನ ಬೆನ್ನು ಬಿಟ್ಟು ಬೇರೇನೂ ಯಾರಿಗೂ ಗುರುತಿರಲಿಲ್ಲ. ಆಳೆತ್ತರದ ದೊಡ್ಡ ಮೈ, ಅದರೊಳಗೆ ಅಡಗಿ ಕೂತವನಂತೆ ಸಣ್ಣ ದನಿ. ಕಂಡಕ್ಟರ್ ಅಡುಗೆಕೋಣೆಗೆ ಇಣುಕಿ, "ಫ್ರಿಜ್ಜಣ್ಣ, ಕೆಲ್ಸ ಆಯ್ತಾ? ಆಗಿದ್ರೆ ಇಲ್ಲಿ ಬಂದು ಸ್ವಲ್ಪ ಬಿದ್ಕೊಳ್ತೀರಾ?" ಎಂದ.

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಬಂದು, "ಎಲ್ಲಿ ಬೀಳ್ಬೇಕು?" ಎಂದು ಕೇಳಿದ.

ಬೀಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಷ್ಟು ದೊಡ್ಡ ಮನುಷ್ಯ ದಬಾರನೆ ಉರುಳಿ ಅಲ್ಲಾಡದೆ ಮಲಗಿದರೆ ನೋಡುವವರಿಗೆ ನಿಜಕ್ಕೂ ಎದೆ ಧಸಕ್ಕೆನ್ನುತ್ತಿತ್ತು. ತಾಪತ್ರಯವೆಲ್ಲ ಕಂಡಕ್ಟರನದು. ಬಾಯಿ ಜೋರು, ನೆನಪು ಕಡಿಮೆ. ಚತ್ರದ ಬಾಗಿಲಲ್ಲಿ ನಿಂತವರಿಗೆ "ದಾರಿ ಬಿಡಿ, ಇವನಿಗೆ ಗಾಳಿ ಬರಲಿ" ಎನ್ನಬೇಕಾದ ಕಡೆ, ಒಮ್ಮೆ ಅಭ್ಯಾಸಬಲದಿಂದ "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಖಾಲಿ ಇದೆ" ಎಂದುಬಿಟ್ಟ. ಅದನ್ನಾದರೂ ನಕ್ಕು ಬಿಡಬಹುದಿತ್ತು. ಗಾಯ ತೊಳೆಯುವಾಗ ಅವನು ಬಿದ್ದವನನ್ನು ಮುಟ್ಟುತ್ತಲೇ ಇರಲಿಲ್ಲ. ಒಂದು ಮೊಳ ದೂರದಲ್ಲಿ ಕೈಯಾಡಿಸಿ, "ಅಯ್ಯೋ ಪಾಪ" ಎಂದು ಮುಗಿಸುತ್ತಿದ್ದ.

"ಮುಟ್ಟಿ ಮಾಡಿ" ಎಂದಳು ಡೈರೆಕ್ಟರಮ್ಮ.

"ಮುಟ್ಟಿದೀನಲ್ಲ ಮೇಡಂ."

"ಎಲ್ಲಿ ಮುಟ್ಟಿದ್ರಿ? ಬಿಸಿ ಪಾತ್ರೆ ಇಳಿಸೋ ಹಾಗೆ ಮಾಡ್ತಿದ್ದೀರಿ. ಅವನು ಸಾಯ್ತಾ ಇದ್ದಾನೆ. ನೀವು ಬಿಟ್ರೆ ಅವನಿಗೆ ಯಾರೂ ಇಲ್ಲ."

ಕಂಡಕ್ಟರ್ ತಲೆ ಕೆರೆದುಕೊಂಡ. "ಗಂಡಸರ ಮುಖ ಸವರೋದಂದ್ರೆ ಒಂಥರಾ ಆಗುತ್ತೆ ಮೇಡಂ. ನೀವೇ ಒಂದ್ಸಲ ಮಾಡಿ ತೋರಿಸಿ."

ಕಾರಿನಲ್ಲಾದರೆ ಕಲಿಯುವವರಿಗೆ ತಿಳಿಯದಿದ್ದಾಗ ಜಾಗ ಬದಲಾಯಿಸಿಕೊಂಡು ತಾನೇ ಓಡಿಸಿ ತೋರಿಸುವುದು ಅವಳ ರೂಢಿ. ಇಲ್ಲಿಯೂ ಹೆಚ್ಚು ಯೋಚಿಸದೆ ನೆಲದ ಮೇಲೆ ಕೂತಳು. ಅವನ ಭಾರವಾದ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬಟ್ಟಲಿನ ನೀರಿಗೆ ಬಟ್ಟೆ ಅದ್ದಿ, ಹಿಂಡಿ, ಹಣೆ ಒರೆಸಿದಳು. ಕೆನ್ನೆ, ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆ. ಅಮ್ಮನಿಗೆ ಮಾಡಿ ಮಾಡಿ ಕೈಗೆ ಒಗ್ಗಿಹೋಗಿದ್ದ ಕೆಲಸ, ಕೈ ತಾನಾಗಿಯೇ ಹೋಗುತ್ತಿತ್ತು. "ನೋಡಿ, ಹೀಗೆ. ಆತುರ ಬೇಡ. ಮೊದಲು ಕೊಳೆ ಹೋಗ್ಬೇಕು, ಆಮೇಲೆ ಪಟ್ಟಿ" ಎಂದು ಕಂಡಕ್ಟರನಿಗೆ ಹೇಳುತ್ತಲೇ ಇದ್ದಳು.

ಅಷ್ಟರಲ್ಲಿ ಅವಳ ಅಂಗೈಯಡಿ ಅವನ ರೆಪ್ಪೆ ಅದುರಿತು. ಕಣ್ಣಂಚಿನಿಂದ ನೀರು ಹರಿದು ಕಿವಿಯ ಕಡೆ ಇಳಿಯಿತು. ಬಟ್ಟೆಯ ನೀರೆಂದುಕೊಂಡಳು. ಆಮೇಲೆ ಇನ್ನೊಂದು ಕಣ್ಣಿನಿಂದಲೂ ಇಳಿಯಿತು. ಅವನು ಹಲ್ಲು ಕಚ್ಚಿಕೊಂಡು ಉಸಿರು ಬಿಗಿಹಿಡಿದಿದ್ದ. ಅಷ್ಟು ದೊಡ್ಡ ಎದೆ ಏರದೆ ಇಳಿಯದೆ ಕಲ್ಲಿನ ಹಾಗೆ ನಿಂತಿತ್ತು.

ಮೇಲಿನಿಂದ ಯಾರಿಗೂ ಇನ್ನೂ ಕಂಡಿರಲಿಲ್ಲ. ಅವಳು ಪಟ್ಟಿಯ ಸುರುಳಿ ಬಿಚ್ಚಿ ಹಣೆಗೆ ಸುತ್ತಿದಳು. ಸುತ್ತುತ್ತ ಸುತ್ತುತ್ತ ಅದನ್ನು ಕಣ್ಣಿನ ಮೇಲೂ ಎಳೆದು ಮುಚ್ಚಿದಳು. ಗಂಟು ಹಾಕುವ ನೆಪದಲ್ಲಿ ಬಗ್ಗಿ, "ಹಾಗೇ ಇರಿ, ಏಳ್ಬೇಡಿ" ಎಂದು ಪಿಸುಗುಟ್ಟಿದಳು. ಎದ್ದು ನಿಂತು ಚಪ್ಪಾಳೆ ತಟ್ಟಿ, "ಎಲ್ರೂ ಟೀ ಕುಡೀರಿ, ಆಮೇಲೆ ಮುಂದುವರಿಸೋಣ" ಎಂದಳು. ಟೀಯ ಸುದ್ದಿ ಕೇಳಿದ್ದೇ ನಟವರ್ಗ ಅಡುಗೆಕೋಣೆಗೆ ನುಗ್ಗಿತು. ಅವರು ಬಿಸ್ಕತ್ತು ಮುಗಿಸಿ ಬರುವ ಹೊತ್ತಿಗೆ ಫ್ರಿಜ್ಜಣ್ಣ ಎದ್ದು ಕೂತು ಪಟ್ಟಿಯನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತುತ್ತಿದ್ದ.

ಆ ಸಂಜೆ ಮನೆಗೆ ಬಂದ ಮೇಲೆ ಅವಳು ಅಡುಗೆಗೆ ಕೈ ಹಾಕಲಿಲ್ಲ. ಕುರ್ಚಿಯಲ್ಲಿ ಕೂತು ತನ್ನ ಅಂಗೈ ನೋಡಿಕೊಂಡಳು. ದಿನವಿಡೀ ಜನರ ಪಕ್ಕದಲ್ಲೇ, ಮೊಣಕೈ ತಗಲುವಷ್ಟು ಹತ್ತಿರದಲ್ಲೇ ಕೂರುವವಳು ತಾನು. ಆದರೆ ಕೈ ಚಾಚಿದರೆ ಸಿಕ್ಕುವುದು ಸ್ಟಿಯರಿಂಗ್, ಗೇರು, ಇಲ್ಲವೇ ಸೀಟ್ ಬೆಲ್ಟು. ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ತಾನು ಒಬ್ಬರನ್ನೂ ಮುಟ್ಟಿಲ್ಲ, ತನ್ನನ್ನೂ ಯಾರೂ ಮುಟ್ಟಿಲ್ಲ ಎಂಬುದು ಅವಳಿಗೆ ಅದೇ ಮೊದಲು ಹೊಳೆಯಿತು. ಅವನು ಯಾಕೆ ಅತ್ತ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಳಗಿನ ಅಂಗಡಿಯವರು ಶಟರ್ ಎಳೆದು ಹೋಗುವತನಕ ಹಾಗೇ ಕೂತಿದ್ದಳು.

ಅಂದಿನಿಂದ ಅವನು ಎಲ್ಲರಿಗಿಂತ ಮುಂಚೆ ಬರತೊಡಗಿದ. ಅವಳು ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಇಬ್ಬರೂ ಸೇರಿ ಕುರ್ಚಿ ಸರಿಸುತ್ತಿದ್ದರು. ಅವನು ಟೇಪು ಹಿಡಿದರೆ ಅವಳು ಗೆರೆ ಹಾಕುತ್ತಿದ್ದಳು. ಅಳುವಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮಾತೆಲ್ಲ ಫ್ರಿಜ್ಜಿನ ಬಗ್ಗೆ, ಕಾರಿನ ಬಗ್ಗೆ. "ಜನ ಫ್ರಿಜ್ಜಿನ ಬಾಗಿಲು ತೆಗೆದು ಯೋಚನೆ ಮಾಡ್ತಾ ನಿಂತ್ಕೊಳ್ತಾರೆ. ಅದಕ್ಕೇ ಕೆಡೋದು" ಎಂದ ಒಂದು ದಿನ. "ನನ್ನ ಶಿಷ್ಯರು ಸಿಗ್ನಲ್ಲಲ್ಲಿ ಅದನ್ನೇ ಮಾಡ್ತಾರೆ" ಎಂದಳು ಅವಳು. ಇಬ್ಬರೂ ನಕ್ಕರು. ಹಾಲಿನ ಎತ್ತರದ ಸೂರಿನಲ್ಲಿ ಆ ನಗು ಇಬ್ಬರದಕ್ಕಿಂತ ಹೆಚ್ಚು ಜನರದ್ದೆಂಬಂತೆ ಕೇಳಿಸಿತು. ಶನಿವಾರ ಬರುವುದನ್ನು ತಾನು ಸೋಮವಾರದಿಂದಲೇ ಎದುರುನೋಡುತ್ತಿದ್ದೇನೆಂದು ತಿಳಿದಾಗ ಅವಳಿಗೆ ಸ್ವಲ್ಪ ಗಾಬರಿಯೇ ಆಯಿತು.

ಕಂಡಕ್ಟರನೂ ಬರಬರುತ್ತ ಮುಟ್ಟುವುದನ್ನು ಕಲಿತ. ಒರಟು ಕೈ, ಆದರೂ ಮುಟ್ಟುತ್ತಿದ್ದ. ಇನ್ನೇನು ಎಲ್ಲ ಹದಕ್ಕೆ ಬಂತು ಅನ್ನುವಾಗ ಪಾಸ್ಟರ್ ಅವಳನ್ನು ತಮ್ಮ ಕೋಣೆಗೆ ಕರೆದರು. ಮೃದು ಮಾತಿನ ಮನುಷ್ಯ, ಯಾರಿಗೂ ಇಲ್ಲ ಎನ್ನಲು ಬಾರದೆ ಕಾರ್ಯಕ್ರಮವನ್ನು ಉದ್ದ ಮಾಡಿಕೊಂಡಿದ್ದರು.

"ಸಿಸ್ಟರ್, ಬೇಜಾರ್ ಮಾಡ್ಕೋಬೇಡಿ. ಹೊರಗಿನಿಂದ ದೊಡ್ಡ ಪ್ರಸಂಗಿಗಳು ಬರ್ತಿದ್ದಾರೆ. ನಾಟಕ ಅರ್ಧ ಆಗ್ಬೇಕು."

"ಅರ್ಧ ಅಂದ್ರೆ ಹೇಗೆ ಪಾಸ್ಟರ್? ಅವನು ಅರ್ಧ ಸಾಯೋಕಾಗುತ್ತಾ?"

ಅವರು ನಕ್ಕರು. "ನಾನು ಹೋದ ವಾರ ಬಾಗಿಲಲ್ಲಿ ನಿಂತು ನೋಡ್ದೆ. ಆ ಪಟ್ಟಿ ಕಟ್ಟೋ ದೃಶ್ಯ ಇದೆಯಲ್ಲ, ಅಲ್ಲಿ ಮಾತೇ ಇಲ್ಲ. ಸುಮ್ನೆ ಹೊತ್ತು ಹೋಗುತ್ತೆ. ಅದನ್ನ ತೆಗೆದುಬಿಟ್ರೆ ಸರಿಹೋಗುತ್ತೆ."

"ನೋಡ್ತೀನಿ" ಎಂದು ಎದ್ದು ಬಂದಳು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಒಬ್ಬಳೇ ಕೂತು, ತಾನೇ ಬರೆದ ಮಾತುಗಳಿಗೆ ಪೆನ್ನಿನಿಂದ ಗೀಟು ಹಾಕುತ್ತ ಹೋದಳು. ಕಳ್ಳರ ತಮಾಷೆ ಹೋಯಿತು. ಚತ್ರದವಳ ಗೊಣಗಾಟ ಹೋಯಿತು. ಯಾಜಕನ ಭಾಷಣದ ಮೇಲೆ ಪೆನ್ನು ತುಸು ಹೊತ್ತು ನಿಂತಿತು. ಅದನ್ನು ಬರೆಯಲು ಅವಳು ಎಷ್ಟೋ ಸಂಜೆ ಕಳೆದಿದ್ದಳು. ಚೆನ್ನಾಗಿ ಬಂದಿದೆ ಎಂದು ತನ್ನಷ್ಟಕ್ಕೆ ಹೆಮ್ಮೆಪಟ್ಟಿದ್ದಳು. ಕೊನೆಗೆ ಅದಕ್ಕೂ ಗೀಟು ಬಿತ್ತು. ಪಟ್ಟಿ ಕಟ್ಟುವ ದೃಶ್ಯವನ್ನು ಮಾತ್ರ ಮುಟ್ಟಲಿಲ್ಲ.

ಗಡಿಯಾರದಂಗಡಿಯವರು ಕೆಂಡವಾದರು. "ನನ್ನ ಹೆಂಡ್ತಿ ಕಡೆಯವರೆಲ್ಲ ನೋಡೋಕೆ ಬರ್ತಿದ್ದಾರೆ. ನಾನು ಬಂದು, ನೋಡಿ, ಹೋಗೋದಾ? ಅಷ್ಟೇನಾ?"

"ಅಷ್ಟೇ. ಆದ್ರೆ ನೋಡಿ ಹೋಗ್ಬೇಕು. ನೋಡದೆ ಹೋದ್ರೆ ಪಾಪ ಕಡಿಮೆ ಆಗ್ಬಿಡುತ್ತೆ."

ಅವರು ಮೂತಿ ಊದಿಸಿಕೊಂಡು ಹೋದರು. ಬರುತ್ತಾರೋ ಇಲ್ಲವೋ ಎಂಬ ಆತಂಕದಲ್ಲಿ ಅವಳು ವಾರವಿಡೀ ಕಳೆದಳು. ಒಬ್ಬ ಶಿಷ್ಯ ಕಾರನ್ನು ಕಸದ ಡಬ್ಬಿಗೆ ತಾಗಿಸುವವರೆಗೂ ಬ್ರೇಕು ಒತ್ತಲು ಅವಳಿಗೆ ನೆನಪೇ ಆಗಲಿಲ್ಲ.

ವಾರ್ಷಿಕೋತ್ಸವದ ದಿನ ಗಡಿಯಾರದಂಗಡಿಯವರು ಎಲ್ಲರಿಗಿಂತ ಮೊದಲು ಬಂದಿದ್ದರು. ಹಾಲು ಕಿಕ್ಕಿರಿದಿತ್ತು. ಡೈರೆಕ್ಟರಮ್ಮ ವೇದಿಕೆಯ ಪಕ್ಕದ ಕತ್ತಲಲ್ಲಿ ಪರದೆಯ ಹಗ್ಗ ಹಿಡಿದು ನಿಂತಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಫ್ರಿಜ್ಜಣ್ಣನ ಎರಡು ಅಂಗಾಲುಗಳು ಮಾತ್ರ.

ಕಳ್ಳರು ಬಂದು ಹೊಡೆದು ಹೋದರು. ಯಾಜಕರು ಬಂದರು. ಬಿದ್ದವನ ಬಳಿ ನಿಂತರು. ಬಗ್ಗಿ ನೋಡಿದರು. ಆಮೇಲೆ, ಯಾರೂ ಹೇಳಿಕೊಡದಿದ್ದರೂ, ತಮ್ಮ ಕೈಗಡಿಯಾರದ ಕಡೆ ನೋಡಿಕೊಂಡು ಸರಸರನೆ ನಡೆದುಬಿಟ್ಟರು. ಆ ಕಾಲದಲ್ಲಿ ಕೈಗಡಿಯಾರ ಎಲ್ಲಿತ್ತು ಎಂದು ಜನ ಗೊಳ್ಳೆಂದು ನಕ್ಕರು. ನಕ್ಕವರೇ ಒಂದು ಕ್ಷಣದಲ್ಲಿ ಗಪ್‌ಚಿಪ್ಪಾದರು. ಆ ಒಂದು ಪುಟದ ಭಾಷಣಕ್ಕೆ ಈ ಕೆಲಸ ಮಾಡಲಾಗುತ್ತಿರಲಿಲ್ಲ ಎಂದು ಅವಳಿಗೆ ಅನಿಸಿತು.

ಕಂಡಕ್ಟರ್ ಬಂದ. ಜನಜಂಗುಳಿ ನೋಡಿ ಅವನಿಗೆ ಇದ್ದಬದ್ದ ಮಾತೆಲ್ಲ ಮರೆತುಹೋಗಿತ್ತು. ಬಾಯಿ ತೆರೆದ, ಮುಚ್ಚಿದ, ಮೊಣಕಾಲೂರಿ ಕೂತ. ಮಾತು ಇಲ್ಲದ್ದರಿಂದ ಉಳಿದದ್ದು ಕೈಯ ಕೆಲಸ ಒಂದೇ. ಬಟ್ಟೆ ಅದ್ದಿ ಹಿಂಡಿದ. ಹಣೆ ಒರೆಸಿದ, ಕೆನ್ನೆ ಒರೆಸಿದ, ಕಿವಿಯ ಹಿಂದೆ ಒರೆಸಿದ. ಪಟ್ಟಿ ಸುತ್ತಿದ. ಹಾಲಿನಲ್ಲಿ ಎಲ್ಲೋ ಒಂದು ಮಗು ಅತ್ತು ಸುಮ್ಮನಾಯಿತು. ಪಾಸ್ಟರ್ ಅತಿಥಿಗಳ ಮುಖ ನೋಡಿದರು. ಅತಿಥಿಗಳು ವೇದಿಕೆಯಿಂದ ಕಣ್ಣು ಕೀಳಲಿಲ್ಲ.

ಇನ್ನು ಎತ್ತಬೇಕು. ಕಂಡಕ್ಟರ್ ಸಣ್ಣ ಆಳು. ಅಭ್ಯಾಸದಲ್ಲಿ ಫ್ರಿಜ್ಜಣ್ಣ ಯಾರಿಗೂ ತಿಳಿಯದಂತೆ ಕಾಲೂರಿ ಅರ್ಧ ಭಾರ ತಾನೇ ಹೊರುತ್ತಿದ್ದ. ಅಂದು ಅವನು ಕಾಲೂರಲಿಲ್ಲ. ಮೈಯೆಲ್ಲ ಬಿಟ್ಟುಕೊಟ್ಟು, ಇಡೀ ಭಾರವನ್ನು ಆ ಬಡಕಲು ತೋಳುಗಳ ಮೇಲೆ ಹಾಕಿಬಿಟ್ಟ. ಕಂಡಕ್ಟರ್ ತತ್ತರಿಸಿದ. "ಬಿದ್ದೇಬಿಟ್ರು" ಎಂದು ಡೈರೆಕ್ಟರಮ್ಮ ಹಗ್ಗ ಹಿಡಿದುಕೊಂಡೇ ಉಸಿರೆಳೆದಳು. ಅಷ್ಟರಲ್ಲಿ ಇನ್ನೂ ಬರಬಾರದಿದ್ದ ಪಾರ್ಲರಕ್ಕ ಚತ್ರದ ಬಾಗಿಲಿನಿಂದ ಓಡಿಬಂದು ಒಂದು ತೋಳು ಹಿಡಿದಳು. ಆ ಕಡೆಯಿಂದ ಕಳ್ಳರಿಬ್ಬರೂ ಓಡಿಬಂದು ಕಾಲು ಹಿಡಿದರು. ಕೊನೆಗೆ ಯಾಜಕರೂ ಬಂದು ಸೊಂಟಕ್ಕೆ ಕೈ ಕೊಟ್ಟರು. ಹೊಡೆದವರು, ದಾಟಿ ಹೋದವರು, ಎಲ್ಲರೂ ಸೇರಿ ಆ ದೊಡ್ಡ ಮನುಷ್ಯನನ್ನು ಎತ್ತಿ ಚತ್ರದೊಳಗೆ ಕೊಂಡೊಯ್ದರು. ಕಥೆಯಲ್ಲಿ ಹಾಗಿಲ್ಲ, ಅವಳು ಬರೆದದ್ದರಲ್ಲೂ ಇರಲಿಲ್ಲ. ಚಪ್ಪಾಳೆ ಎಷ್ಟು ಜೋರಾಗಿ ಬಿತ್ತೆಂದರೆ ಪರದೆ ಎಳೆಯಬೇಕೆಂಬುದೂ ಅವಳಿಗೆ ತಡವಾಗಿ ನೆನಪಾಯಿತು.

ಆಮೇಲೆ ಗದ್ದಲವೋ ಗದ್ದಲ. ನಟರ ಮನೆಯವರೆಲ್ಲ ವೇದಿಕೆ ಹತ್ತಿದರು. "ಎಲ್ರೂ ಒಟ್ಟಿಗೆ ನಿಂತ್ಕೊಳ್ಳಿ, ಫೋಟೋ, ಫೋಟೋ" ಎಂದ ಕಂಡಕ್ಟರ್, ತನ್ನ ಫೋನನ್ನು ಅವಳ ಕೈಗಿತ್ತು, "ಡೈರೆಕ್ಟರಮ್ಮ, ನೀವೇ ತೆಗೀರಿ, ನಿಮಗೆ ಕೈ ನಡುಗಲ್ಲ" ಎಂದ. ಅವಳು ಹಿಂದೆ ಹಿಂದೆ ಸರಿದು, ಎಲ್ಲರೂ ಹಿಡಿಸುವಂತೆ ಫೋಟೋ ತೆಗೆದಳು. ಪಟ್ಟಿ ಬಿಚ್ಚದೆ ನಡುವೆ ನಿಂತಿದ್ದ ಫ್ರಿಜ್ಜಣ್ಣನ ಹೆಗಲ ಮೇಲೆ ಯಾರ ಯಾರದೋ ಕೈಗಳಿದ್ದವು. ಅವನು ಅವಳನ್ನೇ ನೋಡುತ್ತಿದ್ದ. ಅಥವಾ ಫೋನನ್ನು ನೋಡುತ್ತಿದ್ದನೋ ಏನೋ. ಅವಳು ಫೋನು ಹಿಂದಿರುಗಿಸುವಷ್ಟರಲ್ಲಿ ಅವನು ಹೋಗಿಯಾಗಿತ್ತು.

ಮರುವಾರ ಕೊನೆಯ ಬೆಂಚಿನಲ್ಲಿ ಅವನಿರಲಿಲ್ಲ. ಅದರ ಮರುವಾರವೂ ಇರಲಿಲ್ಲ. ಶನಿವಾರ ಅವಳು ಏನೂ ಕೆಲಸವಿಲ್ಲದಿದ್ದರೂ ಹಾಲಿಗೆ ಹೋಗಿ ಕುರ್ಚಿ ಎಣಿಸಿ ಬಂದಳು. ಕಂಡಕ್ಟರನನ್ನು ಕೇಳಿದರೆ, "ಹೌದಲ್ಲ, ಕಾಣ್ತಿಲ್ಲ" ಎಂದು ಅವನು ಅದೇ ಉಸಿರಿನಲ್ಲಿ ಬೇರೆ ಮಾತಿಗೆ ಹೋದ. ಚರ್ಚಿನ ಫ್ರಿಜ್ಜಿನ ಬಾಗಿಲಿಗೆ ಅವನ ಫೋನ್ ನಂಬರಿನ ಸ್ಟಿಕ್ಕರ್ ಅಂಟಿಸಿತ್ತು. ಎರಡು ದಿನ ಹಿಂದುಮುಂದು ನೋಡಿ, ಕೊನೆಗೆ ಧೈರ್ಯ ಮಾಡಿ ಫೋನು ಮಾಡಿದಳು. "ನಮ್ಮನೆ ಫ್ರಿಜ್ಜು ತಣ್ಣಗಾಗ್ತಿಲ್ಲ" ಎಂದಳು.

ಅವನು ಬರುವ ಹೊತ್ತಿಗೆ ಅವಳು ಒಳ್ಳೆಯ ಬಟ್ಟೆ ಉಟ್ಟು, ಕನ್ನಡಿ ನೋಡಿ ನಾಚಿಕೆಯಾಗಿ, ಮತ್ತೆ ಮನೆಯ ಬಟ್ಟೆಗೇ ಬದಲಾಯಿಸಿಕೊಂಡಿದ್ದಳು. ಅವನು ಚೀಲ ಕೆಳಗಿಟ್ಟು ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ಹಾಲಿನ ಪ್ಯಾಕೆಟ್ಟು, ನಾಲ್ಕಾರು ಮೊಟ್ಟೆ, ಅರ್ಧ ಕೊಯ್ದ ನಿಂಬೆಹಣ್ಣು. ಒಳಗೋಡೆಗೆ ಅಂಗೈ ಒತ್ತಿ ನೋಡಿದ. ತಂಪು ಹೆಚ್ಚುಕಡಿಮೆ ಮಾಡುವ ಗುಬುಟನ್ನು ನೋಡಿದ.

"ಯಾರೋ ಇದನ್ನ ಸೊನ್ನೆಗೆ ತಿರುಗಿಸಿದ್ದಾರೆ."

"ಹೌದಾ? ಯಾರಿರಬಹುದು?" ಎಂದಳು, ಒಬ್ಬಳೇ ಇರುವ ಮನೆಯಲ್ಲಿ.

ಅವನು ನಗಲಿಲ್ಲ. ಗುಬುಟು ತಿರುಗಿಸಿದ. ಫ್ರಿಜ್ಜು ಗುಂಯ್ ಎಂದು ಶುರುವಾಯಿತು. ಬಾಗಿಲನ್ನು ಮೆಲ್ಲಗೆ ಮುಚ್ಚಿ, "ಟೀ ಇದ್ರೆ ಕುಡೀತೀನಿ" ಎಂದ.

ಟೀ ಕುಡಿಯುತ್ತ ಅವಳು ಕೇಳಿದಳು. "ಚರ್ಚಿಗೆ ಬರ್ತಿಲ್ಲ ನೀವು."

"ನಾಟಕ ಮುಗೀತಲ್ಲ."

"ಆರಾಧನೆಗೆ ಬರಬಹುದಲ್ಲ."

"ಬರಬಹುದು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಲ್ಲಿ ಬಿದ್ಕೊಂಡಿದ್ದಾಗ ನನಗೊಂದು ಕೆಲ್ಸ ಇತ್ತು. ಎಲ್ರೂ ನನ್ನ ಸುತ್ತಲೇ ಇರ್ತಿದ್ರು. ಬೆಂಚಲ್ಲಿ ಕೂತ್ರೆ ಕೈ ಎಲ್ಲಿಟ್ಕೊಳ್ಳೋದು ಅಂತ ಗೊತ್ತಾಗಲ್ಲ. ಒಳಗೆ ಬರೋವಾಗ ಬಾಗಿಲಲ್ಲೇ ಕೈ ಕುಲುಕಿ ಚೆನ್ನಾಗಿದ್ದೀರಾ ಅಂತಾರೆ. ನಾನು ಬಾಯಿ ತೆಗೆಯೋ ಹೊತ್ತಿಗೆ ಅವರು ಇನ್ನೊಬ್ರ ಕೈ ಹಿಡಿದಿರ್ತಾರೆ."

ಆ ಕೈ ಕುಲುಕುವವರಲ್ಲಿ ಅವಳೂ ಒಬ್ಬಳು.

"ಆವತ್ತು ಗಾಯ ಇದ್ದದ್ದು ಹಣೆ ಮೇಲೆ. ನೀವು ಪಟ್ಟೀನ ಕಣ್ಣಿನವರೆಗೂ ಎಳೆದ್ರಿ" ಎಂದ ಅವನು, ಲೋಟ ನೋಡುತ್ತಲೇ.

"ಹೌದು."

"ಉಪಕಾರ ಆಯ್ತು."

ಆಮೇಲೆ ಅವನು, ನಾಟಕದ ದಿನ ಸಂಜೆ ಮನೆಗೆ ಹೋಗಿ ತನ್ನ ಅಕ್ಕನಿಗೆ ಫೋನು ಮಾಡಿದ್ದನ್ನು ಹೇಳಿದ. ಅಕ್ಕ ದೂರದ ಊರಿನಲ್ಲಿದ್ದಳು. ಮಾತು ಬಿಟ್ಟು ವರ್ಷಗಳಾಗಿದ್ದವು. ಯಾಕೆ ಬಿಟ್ಟರೆಂಬುದು ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ.

"'ಏನು, ಯಾರು ಹೋದ್ರು?' ಅಂತ ಕೇಳಿದ್ಲು. ಯಾರೂ ಇಲ್ಲ, ಸುಮ್ನೆ ಮಾಡ್ದೆ ಅಂದೆ. ಸ್ವಲ್ಪ ಹೊತ್ತು ಅತ್ಲು. ಆಮೇಲೆ ಚೆನ್ನಾಗಿ ಬೈದ್ಲು. ಅಕ್ಕನ ಕೈಲಿ ಬೈಸ್ಕೊಂಡು ಎಷ್ಟು ಕಾಲ ಆಗಿತ್ತೋ." ಅವನ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡಿತು. "ಇಲ್ಲಿಗೇ ಬಂದ್ಬಿಡು, ನಮ್ಮಳಿಯನ ಅಂಗಡೀಲೂ ಇದೇ ಕೆಲ್ಸ ಅಂದ್ಲು. ಮುಂದಿನ ವಾರ ಹೊರಡ್ತಿದ್ದೀನಿ."

"ಒಳ್ಳೇದಾಯ್ತು" ಎಂದಳು. ಮನಸ್ಸಿನಿಂದಲೇ ಹೇಳಿದಳು. ಹೇಳಿದ ಮೇಲೆ ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು. ತನ್ನ ನಾಟಕದಿಂದ ಒಬ್ಬ ಮನುಷ್ಯನಿಗೆ ತನ್ನವರು ಸಿಕ್ಕಿದ್ದರು. ಯಾವ ಡೈರೆಕ್ಟರಿಗೂ ಇದಕ್ಕಿಂತ ಹೆಚ್ಚೇನು ಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಅದೇ ಪಾತ್ರೆಯನ್ನು ಇನ್ನೊಮ್ಮೆ ನಲ್ಲಿಯಡಿ ಹಿಡಿದಳು.

ಹೊರಡುವಾಗ ಬಾಗಿಲಲ್ಲಿ ನಿಂತು ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ಟೀ ಲೋಟದ ಬಿಸಿ ಇನ್ನೂ ಆ ಕೈಯಲ್ಲಿತ್ತು.

"ನೀವು ಚೆನ್ನಾಗಿದ್ದೀರಾ ಡೈರೆಕ್ಟರಮ್ಮ?"

"ಹ್ಞೂಂ" ಎಂದಳು. ಅವನು ಕೈ ಬಿಡಲಿಲ್ಲ, ಮೆಟ್ಟಿಲ ಕಡೆಗೂ ನೋಡಲಿಲ್ಲ. ಕಾಯುತ್ತಿದ್ದ.

"ಅಷ್ಟೇನಿಲ್ಲ" ಎಂದಳು ಕೊನೆಗೆ. "ಅಮ್ಮ ಹೋದ್ಮೇಲೆ ಅಷ್ಟೇನಿಲ್ಲ."

ಅವನು ತಲೆಯಾಡಿಸಿದ. ಇನ್ನೂ ಸ್ವಲ್ಪ ಹೊತ್ತು ಕೈ ಹಿಡಿದಿದ್ದು, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು ಹೋದ. ದೊಡ್ಡ ಹೆಜ್ಜೆಗಳ ಸದ್ದು ಬೀದಿಯ ಗದ್ದಲದಲ್ಲಿ ಕಲೆಯುವತನಕ ಅವಳು ಬಾಗಿಲು ಹಾಕಲಿಲ್ಲ.

ಅವನು ಊರು ಬಿಟ್ಟ ಮೇಲಿನ ಭಾನುವಾರ ಮಧ್ಯಾಹ್ನ ಅವಳು ಸೇತುವೆಯಾಚೆಗೆ ಹೋಗುವ ಬಸ್ಸು ಹತ್ತಿದಳು. ಫೋನು ಮಾಡಿರಲಿಲ್ಲ. ತಂಗಿ ಬಾಗಿಲು ತೆರೆದವಳೇ ಬಿಳಿಚಿಕೊಂಡಳು.

"ಏನಕ್ಕಾ? ಏನಾಯ್ತು?"

"ಏನೂ ಆಗಿಲ್ಲ. ಸುಮ್ನೆ ಬಂದೆ."

ಎಷ್ಟೋ ಜನರಿಗೆ ಎಷ್ಟೋ ಮಾತು ಬರೆದುಕೊಟ್ಟವಳು ಅವಳು. ಈ ಎರಡು ಮಾತು ಹೇಳುವಷ್ಟರಲ್ಲಿ ಬೆವತುಹೋಗಿದ್ದಳು. ತಂಗಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಬಾ ಒಳಗೆ" ಎಂದು ಮೊಣಕೈ ಹಿಡಿದು ಎಳೆದುಕೊಂಡಳು. ಒಳಗೆ ಟಿವಿ ಕಿರುಚುತ್ತಿತ್ತು. ಮಕ್ಕಳು "ದೊಡ್ಡಮ್ಮ" ಎಂದು ಒಮ್ಮೆ ತಿರುಗಿ ನೋಡಿ ಮತ್ತೆ ಟಿವಿಗೆ ಅಂಟಿಕೊಂಡರು. ತಂಗಿಯ ಅತ್ತೆ ಕಿವಿ ಕೇಳಿಸದೆ, "ಯಾರಂತೆ?" ಎಂದು ಕೇಳುತ್ತಲೇ ಇದ್ದರು. ತಂಗಿಯ ಗಂಡ ಹೊರಗಿನಿಂದ ಬಂದು, "ಓ ಅತ್ತಿಗೆ, ಯಾವಾಗ ಬಂದ್ರಿ?" ಎಂದು, ಉತ್ತರಕ್ಕೆ ನಿಲ್ಲದೆ ಸ್ನಾನಕ್ಕೆ ಹೋದ. ತಂಗಿ ಒಂದು ಮೊರದ ತುಂಬ ಬಟಾಣಿ ತಂದು ಇಬ್ಬರ ನಡುವೆ ಇಟ್ಟಳು. ಅಕ್ಕತಂಗಿಯರು ಎದುರುಬದುರು ಕೂತು ಸುಲಿದರು. ಅಮ್ಮನ ಮಾತು ಬಂತು, ನಿಂತಿತು. ಬೇರೆ ಮಾತು ಬಂತು. ಒಮ್ಮೆ ತಂಗಿ ಬಗ್ಗಿ ಅವಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, "ಎಷ್ಟು ಬೆಳ್ಳಗಾಗಿದೆ ನೋಡು" ಎಂದಳು. ಅವಳು ಅಲುಗಾಡದೆ ಕೂತಿದ್ದಳು.

ಸಂಜೆ ತಂಗಿ ಬೀದಿಯ ತಿರುವಿನತನಕ ಬಂದಳು. "ಮುಂದಿನ ವಾರ ಮಕ್ಕಳ ಪರೀಕ್ಷೆ. ಆಮೇಲೆ ಬಾ. ಬರ್ತೀಯಾ?"

"ನೋಡೋಣ" ಎಂದಳು, ಬರಬೇಕೆಂದುಕೊಂಡೇ.

ಬಸ್ಸಿನಲ್ಲಿ ಜನವಿರಲಿಲ್ಲ. ಕಿಟಕಿ ಪಕ್ಕ ಕೂತಳು. ಸೇತುವೆ ಬರುವಷ್ಟರಲ್ಲಿ, ಪಾಸ್ಟರ್ ಮತ್ತೆ ಕೇಳಿದರೆ ಮಾಡಬಹುದಾದ ನಾಟಕವೊಂದರ ಪಾತ್ರಗಳನ್ನು ಮನಸ್ಸಿನಲ್ಲೇ ಹಂಚತೊಡಗಿದ್ದಳು. ಕಂಡಕ್ಟರನಿಗೆ ಒಂದು, ಪಾರ್ಲರಕ್ಕನಿಗೆ ಒಂದು. ಈ ಸಲ ಗಡಿಯಾರದಂಗಡಿಯವರಿಗೆ ಎರಡು ಮಾತಾದರೂ ಕೊಡಬೇಕು. ಇನ್ನೊಂದು ಪಾತ್ರ ಉಳಿಯಿತು. ಅದಕ್ಕೆ ಯಾರ ಮುಖವನ್ನು ತಂದು ನಿಲ್ಲಿಸಿದರೂ ಸರಿಹೊಂದಲಿಲ್ಲ. ಅದನ್ನು ಹಾಗೇ ಖಾಲಿ ಬಿಟ್ಟು, ಅವಳು ಕಿಟಕಿಯಾಚೆ ನೋಡಿದಳು.